ದೇವರ ಜಗಲಿಯ ಐದು ಫ್ಲಾಪಿ

“ಬರ್ರಿ,” ಎಂದಳು ಆದಮ್ಮ.

ಆ ‘ರೀ’ ಕನಕರಾಯನ ಎದೆಗೆ ನಾಟಿತು. ಎರಡು ವರ್ಷದ ಹಿಂದೆ ಅವಳು ಅವನನ್ನು ‘ನೀ’ ಎನ್ನುತ್ತಿದ್ದಳು. ಮದುವೆಯ ಮಾತೂ ನಡೆದಿತ್ತು...

ಅದು ೧೯೯೭. ಮಸ್ಕಿಯ ಬಸ್‌ಸ್ಟ್ಯಾಂಡ್ ಎದುರು ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿ ಆದಮ್ಮನದು. ಅವಳ ಕಂಪ್ಯೂಟರಿಗೆ ಮುಪ್ಪು ಬಂದಿತ್ತು. ಮೂರು ಸಲ ಒತ್ತಿದರೆ ಒಮ್ಮೆ ಕಣ್ಣು ಬಿಡುತ್ತಿತ್ತು. ಲಿಂಗಸುಗೂರಿನಿಂದ ಕನಕರಾಯನನ್ನು ರಿಪೇರಿಗೆ ಕರೆಸಿದವಳು ಪಕ್ಕದಂಗಡಿಯಲ್ಲಿ ಬಟ್ಟೆ ಹೊಲಿಯುವ ಹುಸೇನ್‌ಬೀ.

“ಮಾತಾಡ್ಕೋರಿ. ಇಲ್ಲಾಂದ್ರ ಈ ಡಬ್ಬಿ ಜೋಡಿ ನೀವಿಬ್ರೂ ಹಳೇವಾಗ್ತೀರಿ,” ಎಂದು ಆಕೆ ತನ್ನ ಅಂಗಡಿಗೆ ಹೋದಳು.

ಕನಕರಾಯ ಬಿಚ್ಚಿ ನೋಡಿದ. “ಹಾರ್ಡ್‌ಡಿಸ್ಕ್ ಸವದೈತಿ. ಒಂದಿನ ಹೇಳದಂಗ ನಿಂದರ್ತೈತಿ. ಯಂತ್ರ, ಸಾಫ್ಟ್‌ವೇರ್ ಎಲ್ಲಾ ಹೊಸಾವು ಹಾಕೋದು ಚಲೋ.”

“ಹೋದ ಸಲಾನೂ ಹಿಂಗ ಅಂದಿದ್ರಿ.”

ಆದಮ್ಮನ ತಾಯಿ ತಿಮ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಬಾಯಲ್ಲಿ ಮಾತ್ರ ಅರವತ್ಮೂರು ತತ್ವಪದ. ಕೊನೆಯ ವರ್ಷ ಇದೇ ಅಂಗಡಿಯ ಚಾಪೆಯ ಮೇಲೆ ಕೂತು ಒಂದೊಂದಾಗಿ ಹೇಳಿದ್ದಳು. ಮಗಳು ಟೈಪ್ ಮಾಡಿದ್ದಳು. ವರ್ಷದ ಪುಣ್ಯತಿಥಿಗೆ ಪುಸ್ತಕ ಮಾಡಿಸುವ ಆಸೆ.

ತಾಯಿ ತೀರಿದ ಮೇಲೆ ಕನಕರಾಯ ಹೊಸ ಸಾಫ್ಟ್‌ವೇರ್ ಹಾಕಿದ. ಪದಗಳನ್ನು ಐದು ಫ್ಲಾಪಿಗಳಿಗೆ ಇಳಿಸಿ ಅವಳ ಕೈಗಿಟ್ಟು, ಡಿಸ್ಕ್ ಅಳಿಸಿದ. ಹದಿನೈದು ದಿನ ಬಿಟ್ಟು ಹಾಕಿದರೆ ಒಂದು ಫ್ಲಾಪಿಯೂ ಓದಲಿಲ್ಲ!

‘ನೀ ನೋಡದಂಗ ಅಳಿಸಿದಿ. ನಮ್ಮವ್ವನ್ನ ಎರಡನೇ ಸಲ ಸಾಯಿಸಿದಿ...’ ಎಂದಿದ್ದಳು ಆದಮ್ಮ.

ಅಂದು ಅವನು ಎದುರಾಡಲಿಲ್ಲ. ಎದ್ದು ಹೋದ.

ಈಗ ನೆನಪಿನಿಂದ ಹತ್ತೊಂಬತ್ತು ಪದ ಮತ್ತೆ ಕೂಡಿಸಿದ್ದಳು. ಅವು ಸಾಯುತ್ತಿರುವ ಈ ಡಿಸ್ಕಿನಲ್ಲಿದ್ದವು. ‘ಮತ್ತ ಇವನ ಕೈಗೇ ಕೊಡಬೇಕೇನು? ಕೊಡಲಿಲ್ಲಂದ್ರ ಯಂತ್ರನ ನುಂಗ್ತೈತಿ...’

“ಮೊದ್ಲು ಹಾಳಿ ಮ್ಯಾಲ ಪ್ರಿಂಟ್ ತಗಿ. ಆಮ್ಯಾಲ ಮುಟ್ತೀನಿ,” ಎಂದ ಕನಕರಾಯ.

“ಅರೆಬರೆ ತಗಿಯಂಗಿಲ್ಲ. ಎಲ್ಲಾ ಕೂಡಲಿ ಅಂತ ಕಾದೀನಿ.” ಅವಳು ಮೂಲೆಯ ದೇವರ ಜಗಲಿಯಿಂದ ಆ ಐದು ಫ್ಲಾಪಿ ತಂದಳು. “ನಿಮ್ಮ ಹೊಸ ಯಂತ್ರಕ್ಕ ಇವು ಓದಾಕ ಬರ್ತಾವೇನು, ಅದನ್ನ ಹೇಳ್ರಿ.”

“ಬ್ಯಾಡ. ಬರಂಗಿಲ್ಲ.”

“ಹಾಕದ ಹೆಂಗ ಗೊತ್ತು?”

ಅವನ ಕಣ್ಣು ಫ್ಲಾಪಿಗಳ ಅಂಚಿಗೆ ಹೋಯಿತು. ಆದಮ್ಮ ಒಂದು ಫ್ಲಾಪಿಯ ತಗಡಿನ ಮುಚ್ಚಳ ಸರಿಸಿದಳು. ಒಳಗಿನ ಕರಿ ಹಾಳೆಯ ಮೇಲೆ ಬಿಳಿ ಬೂದಿ ಗಟ್ಟಿಯಾಗಿ ಹತ್ತಿತ್ತು.

ವಿಭೂತಿ.

ಆ ಹದಿನೈದು ದಿನಗಳ ನಡುವೆ ಬಂದಿದ್ದ ಮಹಾನವಮಿಯ ಆಯುಧಪೂಜೆ ನೆನಪಾಯಿತು. ಕೀಬೋರ್ಡಿಗೆ, ಕತ್ತರಿಗೆ ಹಚ್ಚಿದ್ದಳು. ಅವ್ವನ ಪದ ಒಳಗಿವೆಯೆಂದು ಫ್ಲಾಪಿಗಳಿಗೆ ಮುಚ್ಚಳ ಸರಿಸಿ ಒಳಗೇ ಮೂರು ಬೆರಳು ಎಳೆದಿದ್ದಳು... ಐದಕ್ಕೂ.

“ಇದರಿಂದನ ಕೆಟ್ಟಾವೇನು?” ಎಂದಳು.

ಅವನು ಹೌದೆಂದು ತಲೆಯಾಡಿಸಿದ.

“ಅವತ್ತ ಗೊತ್ತಿತ್ತೇನು ನಿಂಗ?”

“ಫ್ಲಾಪಿ ಹಾಕೋ ಡ್ರೈವ್ ಒರಸುವಾಗ ಬೂದಿ ಕಂಡಿತ್ತು.”

“ಮತ್ತ್ಯಾಕ ಹೇಳಲಿಲ್ಲ?”

“ಅವ್ವ ಹೋಗಿ ಇನ್ನ ವರ್ಷ ತುಂಬಿದ್ದಿಲ್ಲ. ನನ್ನ ಬೈಯುವಾಗಾದ್ರೂ ನಿನ್ನ ಅಳು ನಿಂತಿತ್ತು, ಆದಮ್ಮ.”

ಅವಳ ಕಣ್ಣು ತುಂಬಿತು, ಆದರೆ ಮನಸ್ಸು ಕರಗಲಿಲ್ಲ. “ತಪ್ಪು ಹೊತ್ಕೊಂಡು ನೀ ದೊಡ್ಡಾಂವ ಆದಿ. ಎರಡು ವರ್ಷ ದಿನಾ ಪೂಜಿ ಮಾಡಿ ನಿನ್ನ ಶಪಿಸೀನಿ ನಾ. ಆ ಪಾಪಾನೂ ನಂಗ ಬಿಟ್ಟು ಹೋಗಿದ್ದಿ.”

“ಹೌದು... ಹೇಳಬೇಕಿತ್ತು. ಹೇಳಿದ್ರ ನನ್ನ ಮುಖ ನೋಡಂಗಿಲ್ಲ ಅಂತ ಅಂಜಿದೆ. ಹೇಳದನ ಕಳಕೊಂಡೆ. ಈಗೂ ನೀನಂದ್ರ ನಂಗ ಜೀವ.”

ಹೊರಗೆ ಸಿಂಧನೂರಿನ ಬಸ್ಸು ಬಂದು ಹೋಯಿತು. ಪಕ್ಕದ ಹೊಲಿಗೆ ಯಂತ್ರದ ಸದ್ದು ನಿಂತಿತ್ತು, ಹುಸೇನ್‌ಬೀ ಕೇಳಿಸಿಕೊಳ್ಳುತ್ತಿದ್ದಳು.

“ಉಳಿದ ನಲವತ್ನಾಲ್ಕು?” ಆದಮ್ಮ ಕೇಳಿದಳು.

“ಬರಂಗಿಲ್ಲ.” ಫ್ಲಾಪಿಗಳನ್ನು ಬದಿಗೆ ಸರಿಸಿ ಅವನೆಂದ, “ಒಂದು ನಂಗ ಬಾಯಿಗೈತಿ. ಅವ್ವ ಹೇಳುವಾಗ ನಾನೂ ಚಾಪಿ ಮ್ಯಾಲ ಕುಂತಿದ್ದೆ.”

ಅವನು ಮೆಲ್ಲಗೆ ಹೇಳತೊಡಗಿದ. ರಾಗ ತಪ್ಪಿತ್ತು, ಮಾತು ತಪ್ಪಿರಲಿಲ್ಲ. ಆದಮ್ಮನ ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು. ಇಪ್ಪತ್ತು.

ಅವಳು ಪ್ರಿಂಟರಿಗೆ ಹಾಳೆ ಜೋಡಿಸಿದಳು. ಇಪ್ಪತ್ತೂ ಕೈಗೆ ಬಂದ ಮೇಲೆ ಅವುಗಳನ್ನು ಎದೆಗೊತ್ತಿಕೊಂಡು, “ಬದಲಿಸು,” ಎಂದಳು.

“ಹೊಸಾದಕ್ಕೂ ವಿಭೂತಿ ಹಚ್ಚತಿಯೇನು?”

“ಇಲ್ಲ. ನಿನ್ನ ಹಣಿಗಿ ಹಚ್ಚತೀನಿ. ಕುಂದ್ರು.”

“ನಾ ಕೆಟ್ರ?”

“ಕೆಟ್ಟದ್ದು ಯಾರಿಂದ ಅಂತ ಈ ಸಲ ಅವತ್ತನ ಹೇಳಬೇಕು ನೀ...”