ಉಪ್ಪಿನ ಕಿರುಬೆರಳು

ಲೋಟನ ಹೆಂಡತಿಯ ಕಿರುಬೆರಳನ್ನು ಮುರಿದ ಏಕೈಕ ಕನ್ನಡಿಗ ನನ್ನ ಗೆಳೆಯ ಗೋಪಿನಾಥ. ಮುರಿದ ಸದ್ದಿಗೆ ಮೃತ ಸಮುದ್ರ ಮೂರು ಅಡಿ ಕೆಳಗಿಳಿಯಿತು, ಇವತ್ತಿಗೂ ಮೇಲೆ ಬಂದಿಲ್ಲ. ಬೇಕಾದರೆ ಟೇಪು ಹಿಡಿದು ಅಳೆದು ನೋಡಿ.

ತೊಂಬತ್ತಾರನೇ ಇಸವಿ. ಬೆಂಗಳೂರಿನಿಂದ ವಾಷಿಂಗ್ಟನ್ನಿಗೆ ಅಗ್ಗದ ಟಿಕೆಟ್ಟು. ನಡುವೆ ಅಮ್ಮಾನ್‌ನಲ್ಲಿ ಹದಿನಾಲ್ಕು ಗಂಟೆ ಕಾಯಬೇಕು. ಕಾಯುವವರನ್ನು ಬಸ್ಸಿನಲ್ಲಿ ತುಂಬಿಕೊಂಡು ಬೈಬಲ್ಲಿನ ಜಾಗಗಳನ್ನು ತೋರಿಸುತ್ತಿದ್ದರು. ಮೋಶೆ ಕಣ್ಣು ಮುಚ್ಚಿದ ಬೆಟ್ಟ. ಅದು ಮುಗಿದ ಮೇಲೆ, ಸಮುದ್ರದ ದಂಡೆಯ ಬಂಡೆಯಂಚಿನಲ್ಲಿ ಹೆಂಗಸಿನಂತೆ ನಿಂತ ಒಂದು ಕಂಬ. ದೇವರು ಸೊದೋಮ್ ಪಟ್ಟಣವನ್ನು ಸುಡುವಾಗ, ಬೇಡವೆಂದರೂ ತಿರುಗಿ ನೋಡಿ ಉಪ್ಪಾದ ಲೋಟನ ಹೆಂಡತಿ. ಗಾಳಿಯಲ್ಲಿ ಆಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ. ಒಂದು ಹಕ್ಕಿಯ ದನಿಯೂ ಇಲ್ಲ.

ಗೋಪಿನಾಥ ಕೈ ಚಾಚಿದಾಗ, ಅದೇ ಬಸ್ಸಿನಲ್ಲಿದ್ದ ಬೆಂಗಳೂರಿನ ವಯಸ್ಸಾದ ಹೆಂಗಸೊಬ್ಬರು ಅವನ ತೋಳು ಹಿಡಿದರು.

"ಬೇಡಪ್ಪಾ. ದೇವರ ಕೋಪ ಬಿದ್ದಿರೋ ಜಾಗ ಇದು. ಅವಳದ್ದು ಅವಳ ಹತ್ರಾನೇ ಇರ್ಲಿ."

"ಬಿಡಿ ಆಂಟಿ, ಉಪ್ಪಿಗೂ ವೀಸಾ ಬೇಕಾ?"

ಟಕ್. ಬೆರಳು ಜೇಬಿಗಿಳಿಯಿತು.

ಮರುವರ್ಷ ವಾಷಿಂಗ್ಟನ್ ಪಕ್ಕದ ಆಶ್‌ಬರ್ನ್‌ನಲ್ಲಿ ಅವನ ಮಗಳ ಮೂರನೇ ಹುಟ್ಟುಹಬ್ಬ. ಮಾರನೆಯ ದಿನವೇ ಮಗುವಿಗೆ ಜ್ವರ. ಎಂಥ ಜ್ವರ! ಹಣೆಯ ಮೇಲೆ ದೋಸೆ ಹುಯ್ಯಬಹುದಿತ್ತು. ನಾಲ್ಕು ದಿನ ಯಾವ ಔಷಧಿಗೂ ಬಗ್ಗಲಿಲ್ಲ. ಐದನೆಯ ದಿನ ಮಗು ಕಣ್ಣು ಬಿಡಲಿಲ್ಲ.

"ದೃಷ್ಟಿ ಆಗಿದೆ ಕಣ್ರೀ. ಕಲ್ಲುಪ್ಪು ಬೇಕು," ಎಂದಳು ಹೆಂಡತಿ.

"ಡಬ್ಬೀಲಿ ಉಪ್ಪಿದೆಯಲ್ಲ?"

"ಈ ಪುಡಿ ಉಪ್ಪಲ್ಲಿ ಯಾರಾದ್ರೂ ದೃಷ್ಟಿ ತೆಗೀತಾರಾ? ಹರಳು ಬೇಕು!"

ಹರಳುಪ್ಪು ಸಿಗುವ ಅಂಗಡಿ ಮೇರಿಲ್ಯಾಂಡಿನಲ್ಲಿ, ಒಂದು ಗಂಟೆಯ ಡ್ರೈವ್. ಗೋಪಿನಾಥ ಶೋಕೇಸು ತೆರೆದು ಬೆರಳನ್ನು ಅವಳ ಕೈಗಿಟ್ಟ. ಅವಳು ಮಗುವಿಗೆ ಮೂರು ಸುತ್ತು ನಿವಾಳಿಸಿದಳು.

"ಮೂರು ದಾರಿ ಸೇರೋ ಕಡೆ ಎಸೆದು ಬನ್ನಿ. ಬರ್ತಾ ಹಿಂದೆ ತಿರುಗಿ ಮಾತ್ರ ನೋಡ್ಬೇಡಿ."

"ಲೋಟನ ಹೆಂಡತಿಗೂ ಹಾಗೇ ಅಂದಿದ್ರಂತೆ," ಎಂದು ನಕ್ಕು ಹೊರಟ.

ಮುಸ್ಸಂಜೆ. ಬೀದಿದೀಪ ಹತ್ತಿರಲಿಲ್ಲ. ಮುಷ್ಟಿಯೊಳಗೆ ಉಪ್ಪು ಬೆವರಿತು. ನಿಧಾನವಾಗಿ ಮಡಚಿಕೊಂಡಿತು. ಅವನ ಕಿರುಬೆರಳನ್ನು ಹಿಡಿದುಕೊಂಡಿತು. ಕಿತ್ತು ಎಸೆದ. ಮನೆಯ ಕಡೆ ಹೊರಟ. ಗಂಧಕದ ನಾತ. ಒಂದು ಹೆಜ್ಜೆ. ಎರಡು. ಬೆನ್ನ ಹಿಂದೆ ಹರಳು ತುಳಿದ ಸದ್ದು.

"ಅಪ್ಪಾ."

ಮಗಳ ದನಿ. ಮಗಳು ಮುಂದೆ, ಮನೆಯಲ್ಲಿ ಮಲಗಿದ್ದಳು. ದನಿ ಹಿಂದಿತ್ತು.

"ಅಪ್ಪಾ, ಲುಕ್!"

ಸಿಂಹದಂಥ ಗೋಪಿನಾಥ ತಿರುಗಲಿಲ್ಲ. ಮನೆಗೆ ಬಂದಾಗ ಜ್ವರ ಇಳಿದಿತ್ತು. ಈಗ ಆ ಹುಡುಗಿಯ ಬಾಯಿ ಮುಚ್ಚಿಸಲು ಪೊಲೀಸರೇ ಬರಬೇಕು, ಅಷ್ಟು ಮಾತು!

ಅಮೆರಿಕದ ಜಾರ್ಜಿಯಾದ ಸುವಾನಿಯಲ್ಲಿ ಹೊಸ ಸಹೋದ್ಯೋಗಿ ತಾಬಿಶ್ ಮನೆಯ ಮಧ್ಯಾಹ್ನದ ಊಟಕ್ಕೆ ಕೂತಾಗ ನಾನು ಈ ಕತೆಯನ್ನು ಹೀಗೆಯೇ ಹೇಳಿ ಮುಗಿಸಿದೆ. ಎಲ್ಲರೂ ನಕ್ಕರು. ಅಡುಗೆಮನೆಯಿಂದ ತಾಬಿಶ್‌ನ ತಾಯಿ ಬಿಲ್ಕೀಸ್ ಪಾಯಸದ ಪಾತ್ರೆ ಹಿಡಿದು ಬಂದರು. ಮೂರು ವರ್ಷದ ಹಿಂದೆ ನೋಡಿದ ಮುಖ.

"ಗೋಪಿನಾಥ ಯಾರಪ್ಪಾ? ಆ ಕಂಬದ ಹತ್ರ ನಾನು ಬೇಡ ಅಂತ ತೋಳು ಹಿಡಿದಿದ್ದು ನಿಂದಲ್ವಾ?"

ನಾನು ನೀರಿನ ಲೋಟ ಕೆಳಗಿಟ್ಟೆ.

"ಮಗು ಹೇಗಿದೆ?" ಎಂದರು.

ನನ್ನ ಮಗಳು ಅಕ್ಷಯಾ ಸೋಫಾದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಬಿಲ್ಕೀಸ್ ಅವಳನ್ನೇ ನೋಡುತ್ತ ನಿಂತರು.

ಗೋಪಿನಾಥ ಎಂಬವನಿಲ್ಲ. ಬೆರಳೂ ಅಲ್ಲ, ಕಂಬದ ಬುಡದಿಂದ ಕಾರಿನ ಕೀಲಿಯಲ್ಲಿ ಕೆರೆದುಕೊಂಡ ಒಂದು ಹರಳು. ಜ್ವರ ಇಳಿದದ್ದು ಮಾತ್ರ ನಿಜ. ಆ ದನಿ ಕೇಳಿ ನಾನು ತಿರುಗಿ ನೋಡಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಅಕ್ಷಯಾ ಬಾಯಿ ತೆರೆದಿಲ್ಲ. ಬೆಳಿಗ್ಗೆ ಅವಳ ದಿಂಬಿನ ಮೇಲಿನ ಉಪ್ಪನ್ನು ನಾನೇ ಗುಡಿಸುತ್ತೇನೆ.

ಆ ದನಿ ಆಶ್‌ಬರ್ನ್‌ನ ಮೂರು ದಾರಿಯಲ್ಲೇ ಉಳಿಯಿತು. ಎರಡು ವರ್ಷ, ಪ್ರತಿ ಮುಸ್ಸಂಜೆ, ಅಲ್ಲಿ ಹೋಗಿ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಕರೆಯುತ್ತಿದ್ದಳು. ಒಳ್ಳೆಯ ಕೆಲಸ ಸಿಕ್ಕಿತೆಂದು ಜಾರ್ಜಿಯಾಕ್ಕೆ ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದೂ ಸುಳ್ಳು. ಕೇಳಲಾರದೆ, ಅವಳನ್ನು ಅಲ್ಲೇ ಬಿಟ್ಟು ಓಡಿಬಂದೆ.