ಅಕ್ಕನ ಹೆಸರಲ್ಲಿ ನಾಲ್ಕು ಸಾಲು

ಢಬ್!

ಬಾಗಿಲಿಗೆ ಇನ್ನೊಂದು ಒದೆ. ಬೆನ್ನು ಕೊಟ್ಟು ನಿಂತಿದ್ದ ನನ್ನ ಹಲ್ಲೆಲ್ಲ ಕಟಕಟ ಅಂದ್ವು.

"ಇನ್ನೆಷ್ಟು ಹೊತ್ತು ಮೇಡಂ?"

"ಒಂಬತ್ತು ನಿಮಿಷ."

"ಈ ಬಾಗಿಲಿಗೆ ಅಷ್ಟು ಆಯಸ್ಸಿಲ್ಲ!"

"ಹಾಗಾದ್ರೆ ಆಮೇಲೆ ನೀವೇ ಬಾಗಿಲಾಗಿ," ಅಂದ್ರು ಆಕೆ. ಲ್ಯಾಪ್‌ಟಾಪಿಂದ ತಲೆ ಎತ್ತಲಿಲ್ಲ.

ಅಲ್ಲಿ ಹೇಗೆ ಸಿಕ್ಕಿಕೊಂಡೆ ಅಂತೀರಾ? ನನ್ನ ದಡ್ಡತನದಿಂದ!

ಕಾಣೆಯಾದವರನ್ನ ಹುಡುಕೋದು ನನ್ನ ಕಸುಬು. ಅವತ್ತು ಬೆಳಗ್ಗೆ ಆಕೆಯ ತಮ್ಮ ನನ್ನ ಆಫೀಸಿಗೆ ಬಂದಿದ್ದ. ಎರಡು ಬೆರಳಿಗೆ ಬ್ಯಾಂಡೇಜು. ಕಣ್ಣಲ್ಲಿ ನೀರು.

"ಅಕ್ಕ ಮೂರು ದಿನದಿಂದ ಇಲ್ಲ ಸಾರ್. ಕಟ್ಟಿಸಿಕೊಳ್ಳೋ ಹಲ್ಲು ಮಾಡೋ ಲ್ಯಾಬಲ್ಲಿ ಕೆಲಸ. ಫೋನ್ ಆಫ್..."

"ಶತ್ರುಗಳು?"

"ಅಕ್ಕನಿಗಾ? ಮನೆಗೆ ಬಂದ್ರೆ ಕಂಪ್ಯೂಟರ್, ಬಿಟ್ರೆ ನಿದ್ದೆ."

ಆಕೆ ಮಾಡ್ತಿದ್ದದ್ದು ಒಂದು ಪ್ರೋಗ್ರಾಮಿಂಗ್ ಭಾಷೆಯ ರಿಪೇರಿ. ಓಪನ್ ಸೋರ್ಸ್. ಅಂದ್ರೆ ಯಾರಪ್ಪನ ಸ್ವತ್ತೂ ಅಲ್ಲ, ಯಾರು ಬೇಕಾದ್ರೂ ತಿದ್ದಬಹುದು. ಹನ್ನೊಂದು ವರ್ಷ, ಆರು ಸಾವಿರ ತಿದ್ದುಪಡಿ. ಸಂಬಳ ಇಲ್ಲ, ಸನ್ಮಾನ ಇಲ್ಲ. ಆಸ್ಪತ್ರೆ ಮೆಷಿನ್ನು, ರೈಲ್ವೆ ಸಿಗ್ನಲ್ಲು... ಎಲ್ಲದರ ಹೊಟ್ಟೆಯಲ್ಲೂ ಅದೇ ಭಾಷೆ!

ಲ್ಯಾಬಿಗೆ ಹೋದೆ. ಮಹಡಿ ಮೇಲೆ ಅವರದೇ ಒಂದು ಗೋಡೌನ್. ಮುಚ್ಚಿ ವರ್ಷ ಆಯ್ತು ಅಂದ್ರು. ಆದ್ರೆ ಕರೆಂಟ್ ಮೀಟರ್ ಗಿರಗಿರ ತಿರುಗ್ತಿತ್ತು.

ತಮ್ಮನಿಗೆ ಫೋನ್ ಮಾಡಿದೆ. "ಸಿಕ್ಕಿದ್ರು. ಲ್ಯಾಬ್ ಮೇಲಿನ ಗೋಡೌನಲ್ಲಿ."

ಆಮೇಲೆ ಬಾಗಿಲು ತಟ್ಟಿದೆ.

"ಯಾರು ಕಳಿಸಿದ್ದು?"

"ನಿಮ್ಮ ತಮ್ಮ."

ಆಕೆಯ ಮುಖ ಸುಣ್ಣವಾಯ್ತು. "ಅವನಿಗೆ ಹೇಳಿಬಿಟ್ರಾ?... ಕೆಟ್ವಿ!"

ಒಂದು ಗ್ಯಾಂಗು. ಆ ಭಾಷೆಯೊಳಗೆ ನಾಲ್ಕು ಸಾಲು ಸೇರಿಸು ಅಂತ ಆಕೆಯ ಬೆನ್ನು ಬಿದ್ದಿತ್ತು. ಸೇರಿಸಿದ್ರೆ ಅಷ್ಟೂ ಮೆಷಿನ್ನುಗಳ ಜುಟ್ಟು ಅವರ ಕೈಗೆ! ಈಕೆ ಒಪ್ಪಲಿಲ್ಲ, ತಲೆಮರೆಸಿಕೊಂಡ್ರು. ಗ್ಯಾಂಗು ತಮ್ಮನ ಬೆರಳು ಮುರೀತು. ಅವನು ಅಕ್ಕನ ಪಾಸ್‌ವರ್ಡ್ ಒಪ್ಪಿಸಿಬಿಟ್ಟ.

"ಇವತ್ತು ಬೆಳಗ್ಗೆ ನನ್ನ ಹೆಸರಲ್ಲೇ ಸೇರಿಸಿದಾರೆ. ನನ್ನ ಹೆಸರು ನೋಡಿ ಯಾರೂ ಓದದೇ ಒಪ್ಪಿಬಿಟ್ಟಿದಾರೆ! ರಾತ್ರಿ ಹನ್ನೆರಡಕ್ಕೆ ಹೊಸ ಆವೃತ್ತಿ ರಿಲೀಸ್. ಅಷ್ಟರೊಳಗೆ ನಾನು ಅದನ್ನ ಕೀಳಬಾರದು ಅಂತಲೇ ನನ್ನ ಹುಡುಕಿಸ್ತಿದಾರೆ. ನನ್ನ ಅಕೌಂಟ್ ಅವರ ಕೈಲಿದೆ, ಅದಕ್ಕೇ ಹೊಸ ಅಕೌಂಟಿಂದ ಆ ಸಾಲು ಕಿತ್ತು ಕಳಿಸಿದೀನಿ. ಟೆಸ್ಟ್ ಓಡ್ತಿದೆ. ಪಾಸಾದ್ರೂ ಆ ಭಾಷೆ ನೋಡಿಕೊಳ್ಳೋರಲ್ಲಿ ಒಬ್ಬರು ಓದಿ ಒಪ್ಪಬೇಕು. ಗುರುತಿಲ್ಲದೋರ ಮಾತು ಯಾರು ಕೇಳ್ತಾರೆ?"

ಪೊಲೀಸ್ರಿಗೆ ಫೋನ್ ಮಾಡ್ತಿದ್ದ ಹಾಗೇ ಮೆಟ್ಟಿಲ ಮೇಲೆ ಬೂಟಿನ ಸದ್ದು...

ಢಬ್! ಢಬ್!

ಬಾಗಿಲು ಹೋಯ್ತು. ನಾನೂ ಅದರ ಜೊತೆಗೇ ಹೋದೆ.

ಗೂಳಿಯಂಥ ಆಸಾಮಿ ಒಳಗೆ ನುಗ್ಗಿದ. ಮುಷ್ಟಿ ನನ್ನ ಮೂಗಿಗೆ ಬಿತ್ತು. ಲಟಕ್! ಕೈಗೆ ಸಿಕ್ಕಿದ್ದು ಹಲ್ಲಿನ ಅಚ್ಚಿಗೆ ಬಳಸೋ ಪ್ಲಾಸ್ಟರ್ ಪುಡಿ ಚೀಲ. ಅವನ ಮುಖಕ್ಕೆ ಸುರಿದೆ. ಕಣ್ಣು ಉಜ್ಜಿಕೊಳ್ಳುತ್ತಲೇ ನನ್ನ ಕುತ್ತಿಗೆ ಹಿಚುಕಿದ!

ಹಿಂದೆಯೇ ತಮ್ಮ. ಸೀದಾ ಲ್ಯಾಪ್‌ಟಾಪಿಗೆ ಕೈ ಹಾಕಿದ.

"ನಿಲ್ಸಕ್ಕಾ! ಇಲ್ದಿದ್ರೆ ನನ್ನ ಸಾಯಿಸ್ತಾರೆ!"

ಆಕೆ ಅವನ ಬ್ಯಾಂಡೇಜ್ ಕೈ ಹಿಡ್ಕೊಂಡ್ರು. ಮೆತ್ತಗೆ.

"ತುಂಬಾ ನೋಯ್ತೇನೋ?"

ಅಷ್ಟೇ. ಅವನು ಕುಸಿದು ಕೂತ. ಚಿಕ್ಕ ಮಗು ಥರ ಬಿಕ್ಕಿದ. ಆಮೇಲೆ ಎದ್ದು, ಸ್ಟೂಲ್ ಎತ್ತಿ, ಗೂಳಿಯ ತಲೆ ಮೇಲೆ ಬಾರಿಸಿದ!

ಹನ್ನೊಂದು ಐವತ್ತೇಳು. ಟೆಸ್ಟ್ ಪಾಸ್.

ಐವತ್ತೆಂಟು. ಏನಿಲ್ಲ.

"ಯಾರಾದ್ರೂ ಓದ್ರಪ್ಪಾ..." ಆಕೆ ಪೇಜನ್ನ ಮತ್ತೆ ಮತ್ತೆ ರಿಫ್ರೆಶ್ ಮಾಡ್ತಿದ್ರು. "ಒಬ್ಬರಾದ್ರೂ..."

ಐವತ್ತೊಂಬತ್ತು. ಪರದೆ ಮೇಲೆ ಹಸಿರು ಗುರುತು.

ಯಾರೋ ಒಪ್ಪಿದ್ರು! ಎಲ್ಲೋ, ಯಾವುದೋ ಊರಲ್ಲಿ, ಪುಣ್ಯಾತ್ಮರು ಒಬ್ಬರು ಪೂರ್ತಿ ಓದಿದ್ರು!

ಆಮೇಲೆ ಪೊಲೀಸ್ರು ಬಂದ್ರು. ಆಕೆಯ ತಮ್ಮ ಗ್ಯಾಂಗಿನವರ ಅಷ್ಟೂ ಹೆಸರು ಹೇಳಿ ಜೈಲಿಗೆ ಹೋದ. ಪ್ರತಿ ವಾರ ಅಕ್ಕ ನೋಡೋಕೆ ಹೋಗ್ತಾರೆ. ಆಕೆಯ ಹಳೇ ಅಕೌಂಟ್ ತನಿಖೆ ಅಂತ ಬಂದ್ ಆಯ್ತು. ಹನ್ನೊಂದು ವರ್ಷದ ಹೆಸರು ಹೋಯ್ತು.

ನಾನು ಮೂಗಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ ಆಕೆ ನೋಡೋಕೆ ಬಂದಿದ್ರು.

"ಒಪ್ಪಿದವರು ಏನಾದ್ರೂ ಬರೆದಿದ್ರಾ ಮೇಡಂ?"

ಆಕೆ ಫೋನ್ ನನ್ನ ಮುಂದೆ ಹಿಡಿದ್ರು.

"ಹೊಸಬರಿಗೆ ಸ್ವಾಗತ! ಮೊದಲ ಪ್ರಯತ್ನ ಪರವಾಗಿಲ್ಲ... ಹೀಗೇ ಕಲಿಯುತ್ತಾ ಇರಿ."