ಕೊನೆಯ ಕುರಿ ಇಡದ ಕೈ

"ಬಂದ್ ಮಾಡ್ರಿ ಅದನ್ನ!"

ಅನಿಲನ ಕೂಗಿಗೆ ಜಯಮಾಲಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು.

ಇಂಡಿ ಊರಿನ ಅಂಚಿನ ಆ ಮನೆಗೆ ಅವಳು ಮೂರು ತಿಂಗಳ ಮೇಲೆ ಬಂದಿದ್ದಳು. ಅನಿಲನ ತಂದೆ ಗುರಲಿಂಗಪ್ಪ ತೀರಿಕೊಂಡ ಮೇಲೆ ಇದೇ ಮೊದಲು. ಹರಳುಗಳನ್ನಿಟ್ಟು ಆಡುವ ಹುಲಿ-ಕುರಿ ಆಟದಲ್ಲಿ ಸುತ್ತ ಹತ್ತೂರಿನಲ್ಲಿ ಅವರನ್ನು ಸೋಲಿಸಿದವರಿರಲಿಲ್ಲ. ಅವರ ಇನ್ನೂರು ಆಟಗಳನ್ನು ಫೋನಿನಲ್ಲಿ ಹಿಡಿದು, ಅವರಂತೆಯೇ ಆಡುವುದನ್ನು ಕಂಪ್ಯೂಟರಿಗೆ ಕಲಿಸುವುದು ಅವಳ ಸಂಶೋಧನೆ. ಯಾವ ನಡೆ ಎಂಬುದಷ್ಟೇ ಅಲ್ಲ, ಯಾವ ನಡೆಗೆ ಎಷ್ಟು ಹೊತ್ತು ಎಂಬುದನ್ನೂ.

ಗುರಲಿಂಗಪ್ಪ ಚಟ್ಟನೆ ಆಡುವವರು. ಯಂತ್ರವೂ ಹಾಗೆಯೇ ಆಡಿತು. ಎದುರು ಆಡುತ್ತಿದ್ದ ಅನಿಲನ ಹುಲಿಯನ್ನು ಅದರ ಕುರಿಗಳು ಪಟಪಟನೆ ಸುತ್ತುವರಿದವು. ಇನ್ನೊಂದೇ ಕುರಿ ಇಟ್ಟರೆ ಹುಲಿ ಕಟ್ಟು! ಮಗುವಿಗೂ ಕಾಣುವ ನಡೆ.

ಆದರೆ ಯಂತ್ರ ನಿಂತುಬಿಟ್ಟಿತು.

ಹತ್ತು ಸೆಕೆಂಡು… ಇಪ್ಪತ್ತು… ನಲವತ್ತು…

ಬೇವಿನ ಎಲೆಯೂ ಅಲುಗದ ಮಧ್ಯಾಹ್ನ. ಪರದೆಯ ಮೇಲೆ ಕೊನೆಯ ಕುರಿ ಮನೆ ಸೇರದೆ ಹಾಗೇ ತೂಗುತ್ತಿತ್ತು. ಯಾರೋ ಬೆರಳಲ್ಲಿ ಹಿಡಿದುಕೊಂಡಂತೆ!

"ಅವರೇ ಬಂದಾರ ತಂಗಿ…" ಅನಿಲನ ತಾಯಿ ಸುಮಿತ್ರಾಬಾಯಿ ಪಿಸುಗುಟ್ಟಿದರು. ಒಳಗೆ ಹೋಗಿ ಒಂದು ಕಪ್ ಚಹಾ ತಂದರು. ಲ್ಯಾಪ್‌ಟಾಪಿನ ಮುಂದೆ ಇಟ್ಟು, ಸೆರಗು ಹೊದ್ದು ಕುಳಿತರು.

ಜಯಮಾಲಾ ಪರದೆಯಿಂದ ಹಿಂದೆ ಸರಿದಳು.

ಸಿಂದಗಿಯ ತನ್ನ ಕೋಣೆಯಲ್ಲಿ ಅವಳು ಆ ಪ್ರೋಗ್ರಾಮನ್ನು ಮೂರು ಸಲ ಜಾಲಾಡಿದ್ದಳು. ಬೇಡದ ಸಾಲುಗಳನ್ನೆಲ್ಲ ಕತ್ತರಿಸಿ ಹತ್ತು ಪಟ್ಟು ಚುರುಕು ಮಾಡಿದ್ದಳು. ಆದರೂ ಗೆಲ್ಲುವ ನಡೆಯ ಮುಂದಿನ ಆ ಮೌನ ಮಾತ್ರ ಹೋಗಿರಲಿಲ್ಲ. 'ನನ್ನಿಂದ ಏನೋ ತಪ್ಪಾಗಿದೆ… ಇಲ್ಲವೇ ಇದರೊಳಗೆ ನಾನು ಬರೆಯದ ಯಾರೋ ಇದ್ದಾರೆ…'

"ಎಲ್ಲಾ ಅಳಸ್ರಿ," ಎಂದ ಅನಿಲ. ಮುಖ ಬಿಳಿಚಿತ್ತು. "ಒಂದೂ ಇಟಗೋಬ್ಯಾಡ್ರಿ."

"ಅನಿಲ ಅವ್ರ, ಸೋಮವಾರ ನನ್ನ ಪ್ರಬಂಧ ಕೊಡೋದೈತ್ರಿ… ಎರಡು ವರ್ಷದ ಕೆಲಸ…"

"ನಿಮಗ ಪ್ರಬಂಧ ದೊಡ್ಡದು. ನನಗ ಮಾನ ದೊಡ್ಡದು!"

ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ ಅವನು ನಿಂಬೆ ತೋಟದ ಕಡೆ ನಡೆದುಬಿಟ್ಟ.

ಎರಡು ವರ್ಷ ಅವಳು ಕಾದಿದ್ದು ಇದೇ ಮುಖದ ಒಂದು ನಗುವಿಗಾಗಿ. ಯಾರಿಗೂ ಹೇಳಿರಲಿಲ್ಲ. 'ಅವರ ಸತ್ತ ತಂದೆಯನ್ನು ಡಬ್ಬಿಯಲ್ಲಿ ಕೂರಿಸಿದೆನಲ್ಲ!'

ಅಳಿಸುವುದೇ ಸರಿ ಎನಿಸಿತು. ಬೆರಳು ಅಳಿಸುವ ಗುಂಡಿಯವರೆಗೂ ಹೋಯಿತು. ಅದಕ್ಕೂ ಮುಂಚೆ ಗುರಲಿಂಗಪ್ಪನವರ ಕೈಯನ್ನು ಒಂದೇ ಸಲ ನೋಡೋಣವೆಂದು ಒಂದು ವಿಡಿಯೊ ತೆರೆದಳು.

ಅವಳು ಯಾವ ಆಟವನ್ನೂ ಕಣ್ಣಾರೆ ನೋಡಿರಲಿಲ್ಲ. ಪರರ ಕಣ್ಣು ಬಿದ್ದರೆ ಕುರಿ ಉಳಿಯುವುದಿಲ್ಲ ಎಂದು ಗುರಲಿಂಗಪ್ಪ ಅವಳನ್ನು ಯಾವಾಗಲೂ ಅಡುಗೆಮನೆಗೆ ಕಳಿಸುತ್ತಿದ್ದರು. ಕಟ್ಟೆಯ ಮೇಲೆ ಆಡುವ ಅಪ್ಪ-ಮಗ, ಕಲ್ಲಿನ ಮೇಲೆ ಫೋನು, ಇಷ್ಟೇ ಇರುತ್ತಿತ್ತು. ಹರಳುಗಳ ಜಾಗ, ಹೊತ್ತು, ಇಷ್ಟನ್ನೇ ಯಂತ್ರ ಓದಿಕೊಂಡಿತ್ತು. ದನಿಯನ್ನು ಯಾರೂ ಕೇಳಿರಲಿಲ್ಲ.

ಪರದೆಯ ಮೇಲೆ ನಡುಗುವ ಮುದಿ ಬೆರಳೊಂದು ಕೊನೆಯ ಮನೆಯನ್ನು ತೋರಿಸಿತು. ಹರಳು ಹಿಡಿದಿದ್ದು ಮಾತ್ರ ಬೇರೆ ಕೈ. ನಿಂಬೆಮುಳ್ಳು ಗೀರಿದ, ಹರೆಯದ ಕೈ. ಅದು ಹಿಡಿದುಕೊಂಡೇ ಇತ್ತು… ಹತ್ತು… ಇಪ್ಪತ್ತು… ನಲವತ್ತು…

ಆಗ ಸತ್ತವರ ದನಿ ಕಟ್ಟೆಯ ಮೇಲೆ ಮೆಲ್ಲಗೆ ನಕ್ಕಿತು.

"ಇಡೋ ಮಗನ! ಆಕಿ ಬಸ್ ತಪ್ಪೂತನಕಾ ಹಿಂಗ ಹಿಡಕೊಂಡ ಕುಂದರ್ತಿಯೇನು?"

ಜಯಮಾಲಾ ವಿಡಿಯೊ ನಿಲ್ಲಿಸಿದಳು.

"ಅವರ ಕೈ ನಡಗತಿತ್ತವ್ವ," ಸುಮಿತ್ರಾಬಾಯಿ ಕಣ್ಣೊರೆಸಿಕೊಂಡರು. "ಮಂದಿಗೆ ಗೊತ್ತಾಗಬಾರದಂತ ಬೆರಳಿಲೆ ತೋರಸವ್ರು, ಅನಿಲ ಇಡಾಂವ." ಆರಿದ ಚಹಾ ಎತ್ತಿ ಅವಳ ಕೈಗೆ ಕೊಟ್ಟರು. "ದೆವ್ವ ಅಲ್ಲ ತಂಗಿ. ನಮ್ಮ ಹುಡುಗ! ಕುಡದು ಹೋಗು."

ತೋಟದಲ್ಲಿ ಅವನು ಬೆನ್ನು ತಿರುಗಿಸಿ ನಿಂತಿದ್ದ.

"ನಗಾಕ ಬಂದ್ರೇನು? ನನ್ನ ಗುಟ್ಟು ನನ್ನ ಅವ್ವನ ಮುಂದನ ಆಡಿ ತೋರಿಸಿದ್ರಿ."

"ನನಗ ಗೊತ್ತಿರಲಿಲ್ರಿ, ಖರೇ… ಆ ತಡ ನನ್ನ ತಪ್ಪಂತ ತಿಳದು ನಿದ್ದಿಗೆಟ್ಟೇನಿ."

ಅವನು ತಿರುಗಿದ. "ಆಟ ಮುಗದ ಕೂಡ್ಲೆ ಫೋನ್ ತಗೊಂಡು ಸಿಂದಗಿ ಬಸ್ಸಿಗೆ ಓಡ್ತಿದ್ರಿ. ಅದಕ್ಕ… ಮುಗಸಾಕ ಮನಸ್ಸ ಬರ್ತಿರಲಿಲ್ಲ."

"ಬಾಯಿಬಿಟ್ಟು ಹೇಳೋದು ಬಿಟ್ಟು, ಯಂತ್ರಕ್ಕ ಕಲಿಸಿಬಿಟ್ರಲ್ಲ! ಈಗ ಪ್ರಬಂಧದಾಗ ಏನಂತ ಬರೀಲಿ?"

"ಏನರ ಬರೀರಿ. ನನ್ನ ಹೆಸರ ಒಂದು ಬ್ಯಾಡ."

ಇಬ್ಬರೂ ನಕ್ಕುಬಿಟ್ಟರು. ಅವನು ಅಂಗಿಯ ಜೇಬಿನಿಂದ ಒಂದು ಬಿಳಿ ಹರಳು ತೆಗೆದ. ಅಪ್ಪ ಆಡಿದ ಕೊನೆಯ ಆಟದ ಕೊನೆಯ ಕುರಿ. ಮೂರು ತಿಂಗಳಿಂದ ಅಲ್ಲೇ ಇತ್ತು.

ಜಯಮಾಲಾ ಅಂಗೈ ಚಾಚಿದಳು. "ಇಡ್ರಿ."

"ಇಟ್ರ ಆಟ ಮುಗೀತೈತಿ…"

"ಮುಗೀಲಿ. ನಾ ಹೋಗೂದಿಲ್ಲ."

ದೂರದಲ್ಲಿ ನಾಲ್ಕೂವರೆಯ ಬಸ್ಸು ಹಾರ್ನ್ ಹೊಡೆಯಿತು. ಈ ಸಲ ಆ ಕೈ ತಡಮಾಡಲಿಲ್ಲ. ಬಿಸಿ ಹರಳಿನ ಜೊತೆಗೆ ಅದೂ ಅವಳ ಅಂಗೈಯಲ್ಲೇ ಉಳಿಯಿತು.

"ನಿಮ್ಮ ಬಸ್ಸು?"

"ಹೋಗ್ಲಿ ಬಿಡ್ರಿ."